ಟರ್ಬೊ ಕಾರಿನಲ್ಲಿ ಮಹಡಿಯಜ್ಜಿ

ದೂರದ ಕನ್ನಡಕವನ್ನು ಮನೆಯಲ್ಲಿ ಮರೆಯದೇ ಇದ್ದಿದ್ದರೆ ಧಾರಣೆಪ್ಪ ಆ ದಿನ ಗಂಟೆಗೆ ಇನ್ನೂರು ಕಿಲೋಮೀಟರ್ ವೇಗದಲ್ಲಿ ಹೋಗಿ ಬಂದಿರುತ್ತಿದ್ದ. ಮರೆತ. ಹಾಗಾಗಿ ಈ ಕತೆ.

ಧಾರಣೆಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಪತ್ರಿಕಾ ಕಚೇರಿಯಲ್ಲಿ ವರ್ಷಗಟ್ಟಲೆ ಪೇಟೆ ಧಾರಣೆಯ ಅಂಕಣ ಬರೆದದ್ದಕ್ಕೆ ಸಹೋದ್ಯೋಗಿಗಳು ದಯಪಾಲಿಸಿದ ಬಿರುದು. ಈರುಳ್ಳಿ ಏರಿತು, ಆಲೂಗಡ್ಡೆ ಇಳಿಯಿತು, ಮೆಣಸಿನಕಾಯಿ ಸ್ಥಿರವಾಗಿದೆ. ಇಷ್ಟನ್ನೇ ಹಿಂದುಮುಂದು ಮಾಡಿ ಬರೆದು ಅವನ ಕೂದಲು ನರೆತಿತ್ತು. ಮನಸ್ಸು ಮಾತ್ರ ವಾಹನಗಳ ಪುಟದ ಮೇಲೆ. ಹೊಸ ಕಾರು ಬಂದಾಗಲೆಲ್ಲ ಓಡಿಸಿ ನೋಡಿ ಬರೆಯುವ ಭಾಗ್ಯ ಪಕ್ಕದ ಮೇಜಿನ ವಾಹನ ತಜ್ಞನದು. ಆತ ಬರೆದದ್ದನ್ನು ಧಾರಣೆಪ್ಪ ಎಲ್ಲರಿಗಿಂತ ಮೊದಲು ಓದುತ್ತಿದ್ದ. ಮಲಗಿದ ಮೇಲೂ ಅವನ ಬಲಗಾಲು ಮಂಚದ ಪಟ್ಟಿಯನ್ನು ಒತ್ತುತ್ತಲೇ ಇರುತ್ತಿತ್ತಂತೆ. ಹಾಗೆಂದು ಅವನ ಹೆಂಡತಿ ಹೇಳುತ್ತಾಳೆ.

ಆ ಬೆಳಿಗ್ಗೆ ಕಾರು ಕಂಪನಿಯವರು ಕೆಂಪು ಬಣ್ಣದ ಟರ್ಬೊ ಸ್ಪೋರ್ಟ್ಸ್ ಕಾರನ್ನು ಕಚೇರಿಯ ಮುಂದೆ ತಂದು ನಿಲ್ಲಿಸಿದರು. ಎತ್ತರ ಸೊಂಟದವರೆಗೂ ಇಲ್ಲ. ಯಾರೋ ಮೇಲೆ ಕೂತು ಚಪ್ಪಟೆ ಮಾಡಿದಂತಿತ್ತು. ತಜ್ಞ ಒಳಗೆ ಇಳಿದ, ಕೂತ, ಫೋಟೊ ತೆಗೆಸಿಕೊಂಡ. ಏಳಲು ಹೋದವನು ಸೊಂಟ ಹಿಡಿದುಕೊಂಡು ಪ್ರಶ್ನಾರ್ಥಕ ಚಿಹ್ನೆಯಾಗಿ ಹೊರಬಂದ. ಅವನನ್ನು ಅದೇ ಆಕಾರದಲ್ಲೇ ಆಸ್ಪತ್ರೆಗೆ ಸಾಗಿಸಿದರು. ಸಂಪಾದಕರು ಸುತ್ತ ಕಣ್ಣಾಡಿಸಿದಾಗ ಲೈಸೆನ್ಸನ್ನು ಆಗಲೇ ಕೈಯಲ್ಲಿ ಹಿಡಿದು ನಿಂತಿದ್ದವನು ಧಾರಣೆಪ್ಪ ಒಬ್ಬನೇ.

"ಸಂಜೆಯೊಳಗೆ ಕಾರು ವಾಪಸ್, ಲೇಖನ ನನ್ನ ಮೇಜಿನ ಮೇಲೆ," ಎಂದರು ಸಂಪಾದಕರು. "ಕಂಪನಿಯ ಕರಪತ್ರ ನೋಡಿ ಬರೀಬೇಡಿ, ಓದುಗರು ಬೈತಿದ್ದಾರೆ. ನೀವೇ ಕಂಡದ್ದು, ನಿಮಗೇ ಅನಿಸಿದ್ದು ಮಾತ್ರ. ಚೆನ್ನಾಗಿ ಬಂದರೆ ಆ ಪುಟ ಇನ್ನು ನಿಮ್ಮದೇ. ಇಲ್ಲದಿದ್ದರೆ ಈರುಳ್ಳಿ ಎಲ್ಲಿಗೂ ಓಡಿಹೋಗಿಲ್ಲ."

ಕಂಪನಿಯ ಟೈ ಕಟ್ಟಿದ ಪ್ರತಿನಿಧಿ ಕೀಲಿ ಕೊಡುತ್ತಾ, ಊರಾಚೆಯ ಹಳೆಯ ವಿಮಾನ ನಿಲ್ದಾಣದ ಓಡುದಾರಿಯನ್ನು ಈ ದಿನಕ್ಕೆ ಕೇಳಿ ಪಡೆದಿದ್ದೇವೆ, ಅಲ್ಲಿ ಎಷ್ಟು ಜೋರಾಗಿ ಬೇಕಾದರೂ ಓಡಿಸಿ ಎಂದ. ಆಮೇಲೆ ದನಿ ತಗ್ಗಿಸಿ, "ಆ ಸೊಂಟದ ವಿಷಯ ಮಾತ್ರ ಬೇಡ ಸಾರ್," ಎಂದು ಬೇಡಿಕೊಂಡ.

ಓಡುದಾರಿಗೆ ನೇರ ಹೋಗಬಹುದಿತ್ತು. ಆದರೆ ಮೂಗಿನ ಮೇಲಿದ್ದದ್ದು ಹತ್ತಿರದ ಕನ್ನಡಕ. ಇನ್ನೂರರ ವೇಗದಲ್ಲಿ ಎದುರಿಗೆ ಬರುವುದೆಲ್ಲ ಹತ್ತಿರವೇ ಅಲ್ಲವೇ ಎಂದು ಒಂದು ಕ್ಷಣ ಯೋಚಿಸಿದವನು, ಬುದ್ಧಿ ಬಂದು ಕಾರನ್ನು ಮನೆಯ ಕಡೆ ತಿರುಗಿಸಿದ.

ಗಲ್ಲಿಯೊಳಗೆ ಕಾರು ನುಗ್ಗಿದಾಗ ಅದರ ಗುಡುಗಿಗೆ ಕಪಾಟುಗಳಲ್ಲಿ ಪಾತ್ರೆಗಳು ಹಲ್ಲು ಕಡಿದವು. ಒಂದೊಂದೇ ಬಾಗಿಲು ತೆರೆಯಿತು. ಮೊದಲು ಬಂದವರು ನಿವೃತ್ತ ಹೆಡ್ಮಾಸ್ಟರು. ಗಲ್ಲಿಯಲ್ಲಿ ಏನು ನಡೆದರೂ ಹಾಜರಿ ತೆಗೆದುಕೊಳ್ಳುವುದು ಅವರ ಕರ್ತವ್ಯ. ಹಿಂದೆಯೇ ಮೂಲೆಯ ಟೈಲರು, ಕೊರಳಲ್ಲಿ ಅಳತೆ ಪಟ್ಟಿ. ಅವನು ಬಂದವನೇ ಕಾರಿನ ಎತ್ತರ ಅಳೆದು, ಇದು ಹೆಡ್ಮಾಸ್ಟರ ಪ್ಯಾಂಟಿಗಿಂತ ಗಿಡ್ಡ ಎಂದು ಘೋಷಿಸಿದ.

ಧಾರಣೆಪ್ಪ ಕನ್ನಡಕ ಹುಡುಕಿ ಹೊರಗೆ ಬರುವಷ್ಟರಲ್ಲಿ ಹೆಡ್ಮಾಸ್ಟರು ಕಾರಿನೊಳಗಿದ್ದರು. ಒಂದು ನಿಮಿಷ ಕೂತು ನೋಡುವ ವಿದ್ಯಾರ್ಥಿ ಸಹಜ ಕುತೂಹಲ, ಅಷ್ಟೇ ಎಂದರು. ಕೂರುವುದೇನೋ ಆಯಿತು. ಆ ಸೀಟು ಎರಡು ಕಡೆಯಿಂದಲೂ ಅಪ್ಪಿ ಹಿಡಿಯುವಂಥದು. ಬಹಳ ದಿನಗಳ ಮೇಲೆ ಸಿಕ್ಕ ನೆಂಟನ ಹಾಗೆ ಅವರನ್ನು ಬಿಡಲೊಲ್ಲದು. ಒಬ್ಬರು ಕೈ ಎಳೆದರು, ಒಬ್ಬರು ಹೆಗಲು ಎತ್ತಿದರು. ಟೈಲರು ಮಾತ್ರ ಇದು ಬಲದ ಕೆಲಸ ಅಲ್ಲ, ಹೊಲಿಗೆ ಬಿಚ್ಚುವ ಕೆಲಸ, ಒಂದು ಕಡೆಯಿಂದ ಶುರು ಮಾಡಬೇಕು ಎಂದು ತಿಳಿಹೇಳಿ, ಮೊದಲು ಎಡಗಾಲು, ಆಮೇಲೆ ಎಡಗೈ, ಕೊನೆಗೆ ಉಳಿದ ಹೆಡ್ಮಾಸ್ಟರನ್ನು ಹೊರತೆಗೆದ. ಹೊರಬಂದ ಮೇಲೆ ಅವರು ಅಂಗಿ ಸರಿಪಡಿಸಿಕೊಂಡು, ಕಾರಿನ ವಿನ್ಯಾಸಕ್ಕೆ ನೂರಕ್ಕೆ ಮೂವತ್ತೈದು ಅಂಕ ಕೊಟ್ಟರು.

ಅಷ್ಟರಲ್ಲಿ ಎದುರುಮನೆಯ ಬಾಣಂತಿ ಕಿಟಕಿಗೆ ಬಂದಳು. "ಅಣ್ಣಾ, ಮಗು ಈಗ ತಾನೇ ಮಲಗಿದೆ. ಇನ್ನೊಂದು ಸಲ ಆ ಸದ್ದು ಮಾಡಿದ್ರೆ ಎತ್ತಿ ತಂದು ನಿಮ್ಮ ತೊಡೆ ಮೇಲೇ ಹಾಕ್ತೀನಿ. ಆಮೇಲೆ ಇಬ್ಬರೂ ಎಲ್ಲಿಗೆ ಬೇಕಾದ್ರೂ ಹೋಗಿ."

ಇಂಜಿನ್ ಶುರು ಮಾಡುವಂತಿಲ್ಲ. ಕಾರನ್ನು ಗಲ್ಲಿಯ ತುದಿಯವರೆಗೆ ತಳ್ಳುವುದೇ ಎಂದು ತೀರ್ಮಾನವಾಯಿತು. ಅದೇ ಹೊತ್ತಿಗೆ ಹೆಂಡತಿ ಮಹಡಿಯ ಮೆಟ್ಟಿಲಿನಿಂದ ಬಿಳಿಯ ತಲೆಯ ಒಂದು ಸಣ್ಣ ಜೀವವನ್ನು ಕೈಹಿಡಿದು ಇಳಿಸಿಕೊಂಡು ಬಂದಳು.

"ರೀ, ಹೇಗೂ ಪಕ್ಕದ ಸೀಟು ಖಾಲಿ ಇದೆಯಲ್ಲ, ಅಜ್ಜಿನೂ ಕರ್ಕೊಂಡು ಹೋಗಿ. ಮನೆಯೊಳಗೇ ಕೂತು ಬೇಜಾರಾಗಿದೆ ಅವರಿಗೆ. ಒಂದಿಷ್ಟು ಗಾಳಿ ತಾಗಲಿ."

ಇದು ಮಹಡಿಯಜ್ಜಿ. ಮೇಲಿನ ಮನೆಯಲ್ಲಿ ಮಗ ಸೊಸೆಯ ಜೊತೆ ಇರುವವರು. ಅವರಿಗೆ ನಿದ್ದೆ ಬರುವುದಿಲ್ಲ ಎಂಬುದು ಇಡೀ ಗಲ್ಲಿಗೆ ಗೊತ್ತಿದ್ದ ಸಂಗತಿ. ರಾತ್ರಿಯೆಲ್ಲ ಧಾರಣೆಪ್ಪನ ತಲೆಯ ಮೇಲೆ ಅತ್ತಿಂದಿತ್ತ ನಡೆಯುತ್ತಾರೆ. ಕೆಳಗಿನವರಿಗೆ ಸದ್ದಾಗಬಾರದೆಂದು ಚಪ್ಪಲಿ ಬಿಟ್ಟು ಬರಿಗಾಲಲ್ಲೇ ನಡೆಯುತ್ತಾರೆ. ಈ ಬರಿಗಾಲಿನ ವಿಷಯ ಧಾರಣೆಪ್ಪನಿಗೆ ಗೊತ್ತಿತ್ತು. ಅದಕ್ಕೇ ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಹೆಡ್ಮಾಸ್ಟರನ್ನು ಹೊರತೆಗೆಯಲು ನಾಲ್ಕು ಜನ ಬೇಕಾಗಿದ್ದ ಸೀಟಿನಲ್ಲಿ ಅಜ್ಜಿ ಗೂಡಿನಲ್ಲಿ ಹಕ್ಕಿಮರಿ ಕೂತಂತೆ ಕೂತರು. ಮಗುವಿನ ನಿದ್ದೆಗಾಗಿ ಇಡೀ ಗಲ್ಲಿ ತುದಿಗಾಲಲ್ಲಿ ನಡೆಯುತ್ತಾ ಆ ಬಿರುಗಾಳಿಯಂಥ ಕಾರನ್ನು ತಳ್ಳುಗಾಡಿಯ ಹಾಗೆ ತಳ್ಳಿಕೊಂಡು ಹೋಯಿತು. ಹೆಡ್ಮಾಸ್ಟರು ಮುಂದೆ ನಡೆಯುತ್ತಾ ಬೆರಳನ್ನು ತುಟಿಯ ಮೇಲಿಟ್ಟುಕೊಂಡಿದ್ದರು.

ಮುಖ್ಯರಸ್ತೆಯಲ್ಲಿ ಬೇರೆ ಪಾಡು. ವಾಹನಗಳು ಒಂದರ ಹಿಂದೊಂದು ಅಂಟಿಕೊಂಡು ತೆವಳುತ್ತಿದ್ದವು. ಪಕ್ಕದಲ್ಲಿ ನಿಂತ ಬಸ್ಸಿನ ಜನ ಕಿಟಕಿಯಿಂದ ಬಾವಿಯೊಳಗೆ ಇಣುಕುವಂತೆ ಇಣುಕಿ, ಮೇಲಿನಿಂದ ಸಲಹೆ ಸುರಿದರು. ಅಷ್ಟು ಕೆಳಗೆ ಕೂತರೆ ದಾರಿ ಕಾಣುತ್ತದೆಯೇ ಎಂದು ಒಬ್ಬ. ಮಳೆ ಬಂದರೆ ಮುಳುಗುವುದಿಲ್ಲವೇ ಎಂದು ಇನ್ನೊಬ್ಬ. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತಾ, "ಅಜ್ಜಿ, ಇಕ್ಕಟ್ಟಾದ್ರೆ ಈ ಕಡೆ ಬಂದ್ಬಿಡಿ, ಸೀಟಿದೆ," ಎಂದ. ಅಜ್ಜಿ ನಕ್ಕು ಕೈಬೀಸಿದರು. ಕ್ಲಚ್ಚು ಒತ್ತಿ ಒತ್ತಿ ಧಾರಣೆಪ್ಪನ ಎಡಗಾಲು ಮರದ ಕೊರಡಾಯಿತು. ಒಬ್ಬ ಸೈಕಲ್ಲಿನವನು ಗಂಟೆ ಬಾರಿಸಿ, ದಾರಿ ಕೇಳಿ, ಮುಂದೆ ಹೋದ.

ಓಡುದಾರಿ ತಲುಪಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಕಾವಲುಗಾರ ಗೇಟು ತೆರೆದು, ಬೆಳಗಿನಿಂದ ಇದಕ್ಕೇ ಕಾಯುತ್ತಿದ್ದೇನೆ ಎಂದು ಕುರ್ಚಿ ತಂದು ಅಂಚಿನಲ್ಲಿ ಹಾಕಿಕೊಂಡು ಕೂತ. ಕಣ್ಣು ಹಾಯುವಷ್ಟು ದೂರವೂ ನೇರ, ಖಾಲಿ ದಾರಿ. ದೂರದ ಕನ್ನಡಕದಲ್ಲಿ ಅದರ ತುದಿಯ ಹುಲ್ಲುಕಡ್ಡಿಯೂ ಕಾಣುತ್ತಿತ್ತು. ಸ್ಟೀರಿಂಗು ಅವನ ಅಂಗೈಯಲ್ಲಿ ಹಗ್ಗ ಜಗ್ಗುವ ಕರುವಿನಂತೆ ಚಡಪಡಿಸುತ್ತಿತ್ತು. ಒಂದನೇ ಗೇರು, ಎರಡನೇ ಗೇರು. ಧಾರಣೆಪ್ಪ ಉಸಿರು ಹಿಡಿದು ಬಲಗಾಲು ಒತ್ತಿದ.

ಮೊದಲು ಏನೂ ಆಗಲಿಲ್ಲ. ಟರ್ಬೊ ಎಂದರೆ ಹೀಗೇ ಎಂದು ಅವನು ಓದಿದ್ದ: ಇಂಜಿನ್ನು ಬಿಡುವ ಹೊಗೆಯ ಬಿರುಸಿಗೇ ಒಳಗೊಂದು ಪುಟ್ಟ ಚಕ್ರ ತಿರುಗಬೇಕು, ಅದು ಗಾಳಿಯನ್ನು ತುರುಕಬೇಕು, ಆಮೇಲೆ ಶಕ್ತಿ. ಒಂದು ಗಳಿಗೆ ಕಾರು ಯೋಚಿಸಿತು. ಮರುಗಳಿಗೆ ಎಲ್ಲೋ ಒಂದು ಸಣ್ಣ ಸಿಳ್ಳೆ. ಬೆನ್ನಿಗೆ ಆನೆ ಹಣೆಯಿಟ್ಟು ನೂಕಿದಂಥ ಭಾರ. ದಾರಿ ಅವನ ಕಡೆಗೆ ಓಡಿಬಂತು.

ಆಗ ಪಕ್ಕದಲ್ಲಿ ಅಜ್ಜಿ "ಹೂಂ..." ಎಂದು ನರಳಿದರು.

ಧಾರಣೆಪ್ಪ ಕಾಲೆತ್ತಿದ. ಉಸ್ಸೆಂದು ಟರ್ಬೊ ನಿಟ್ಟುಸಿರು ಬಿಟ್ಟಿತು. ತಿರುಗಿ ನೋಡಿದರೆ ಅಜ್ಜಿಯ ಕಣ್ಣು ಮುಚ್ಚಿತ್ತು, ತಲೆ ಒಂದು ಕಡೆಗೆ ವಾಲಿತ್ತು, ಬಾಯಿ ಅರ್ಧ ತೆರೆದಿತ್ತು. ಎಷ್ಟೋ ರಾತ್ರಿಗಳು ಬರಿಗಾಲಲ್ಲಿ ಸವೆಸಿದ ಜೀವ ನಿದ್ದೆ ಹೋಗಿತ್ತು.

ಕಾಲು ಪೆಡಲಿನ ಮೇಲೇ ಇತ್ತು. ಒತ್ತಿದರೆ ಇನ್ನೂರು, ಲೇಖನ, ಪುಟ, ಹೊಸ ಬದುಕು. ಒತ್ತಿದರೆ ಅಜ್ಜಿಗೆ ಎಚ್ಚರವೂ ಆಗುತ್ತದೆ. ಎದುರುಮನೆಯ ಮಗುವಿಗಾಗಿ ಇಡೀ ಗಲ್ಲಿ ಕಾರು ತಳ್ಳಿದ್ದು ಅವನಿಗೆ ನೆನಪಾಯಿತು. ಮಗುವಿಗಾದರೆ ನಿದ್ದೆ ನಾಳೆಯೂ ಬರುತ್ತದೆ.

ಕಾರು ಓಡುದಾರಿಯ ಮೇಲೆ ಎಂಟರ ವೇಗದಲ್ಲಿ ತೇಲತೊಡಗಿತು. ಒಮ್ಮೆ ನಿಲ್ಲಿಸಿ ನೋಡಿದ, ಅಜ್ಜಿ ಮಿಸುಕಿದರು. ತೊಟ್ಟಿಲು ನಿಲ್ಲಿಸಬಾರದು ಎಂದುಕೊಂಡು ಮತ್ತೆ ಹೊರಟ. ಆ ತುದಿಗೆ ಹೋಗಿ, ತಿರುಗಿ, ಈ ತುದಿಗೆ. ನಾಲ್ಕನೆಯ ಸುತ್ತಿಗೆ ಕಾವಲುಗಾರನಿಗೆ ತಡೆಯಲಾಗಲಿಲ್ಲ. ಕುರ್ಚಿ ಬಿಟ್ಟು ಬಂದು ಕಾರಿನ ಪಕ್ಕದಲ್ಲಿ ಓಡುನಡಿಗೆಯಲ್ಲಿ ಹೆಜ್ಜೆ ಹಾಕುತ್ತಾ ಕಿಟಕಿಯಲ್ಲಿ ಬಗ್ಗಿದ.

"ಸಾರ್, ಯಾವಾಗ ಶುರು ಮಾಡ್ತೀರಿ?"

"ಶುರುವಾಗಿದೆ," ಎಂದು ಪಿಸುಗುಟ್ಟಿ ಧಾರಣೆಪ್ಪ ಪಕ್ಕಕ್ಕೆ ಕಣ್ಸನ್ನೆ ಮಾಡಿದ.

ಕಾವಲುಗಾರ ಒಂದು ಕ್ಷಣ ಅಜ್ಜಿಯನ್ನು ನೋಡಿದ. ಹಿಂದಿರುಗಿ ಹೋಗಿ ತನ್ನ ರೇಡಿಯೊ ನಿಲ್ಲಿಸಿದ. ದಾರಿಯ ಅಂಚಿನಲ್ಲಿ ಕೂಗುತ್ತಿದ್ದ ಕಾಗೆಗಳನ್ನು ಟೊಪ್ಪಿಗೆಯಿಂದ ಓಡಿಸಿದ. ಮುಂದಿನ ಸುತ್ತಿಗೆ ಲೋಟದಲ್ಲಿ ಚಹಾ ತಂದು, ಚಲಿಸುವ ಕಾರಿನ ಜೊತೆಗೇ ಏದುಸಿರು ಬಿಡುತ್ತಾ ನಡೆದು, ಒಂದು ಹನಿಯೂ ಚೆಲ್ಲದಂತೆ ಕೊಟ್ಟ. ಹೀಗೆ ಹೊತ್ತಿಳಿಯಿತು. ವಾಪಸ್ ಗಲ್ಲಿಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. ಅಜ್ಜಿಯನ್ನು ಮೆಲ್ಲಗೆ ಎಬ್ಬಿಸಿ ಇಳಿಸಿಕೊಂಡಳು.

ಕಚೇರಿಯಲ್ಲಿ ಕೂತು ಧಾರಣೆಪ್ಪ ಬಿಳಿಯ ಹಾಳೆಯನ್ನು ನೋಡಿದ. ವೇಗದ ಬಗ್ಗೆ ಬರೆಯೋಣವೆಂದರೆ ಕಂಡದ್ದು ಒಂದೇ ಉಸಿರಿನಷ್ಟು. ಸುಳ್ಳು ಬರೆಯಲು ಮನಸ್ಸಾಗಲಿಲ್ಲ. ಕೊನೆಗೆ ತಾನು ನಿಜವಾಗಿ ಕಂಡದ್ದನ್ನೇ ಬರೆದ: ಇದರ ಸೀಟು ತಾಯಿಯ ಮಡಿಲು, ಇದರ ಇಂಜಿನ್ನು ಜೋಗುಳ, ವರ್ಷಗಳಿಂದ ನಿದ್ದೆ ಕಾಣದ ವೃದ್ಧೆಯೊಬ್ಬರು ಇದರಲ್ಲಿ ಹಸುಗೂಸಿನಂತೆ ಮಲಗಿದರು, ಇದನ್ನು ಸ್ವತಃ ಕಂಡು, ಪ್ರಮಾಣ ಮಾಡಿ ಹೇಳುತ್ತಿದ್ದೇನೆ. ಸಂಪಾದಕರು ಓದಿದರು. ಹುಬ್ಬು ಏರಿತೋ ಇಳಿಯಿತೋ ತಿಳಿಯಲಿಲ್ಲ. ಧಾರಣೆಯ ಭಾಷೆಯಲ್ಲಿ ಹೇಳುವುದಾದರೆ ಸ್ಥಿರವಾಗಿತ್ತು. ಬೇರೆ ಲೇಖನ ಇಲ್ಲದ್ದರಿಂದ ಇದನ್ನೇ ಅಚ್ಚಿಗೆ ಕಳಿಸಿ, ಮನೆಗೆ ಹೋಗಿ ಎಂದರು.

ಮನೆಯಲ್ಲಿ ಅಜ್ಜಿ ಹೆಂಡತಿಯ ಜೊತೆ ಕಾಫಿ ಕುಡಿಯುತ್ತಿದ್ದರು. ಧಾರಣೆಪ್ಪ ಸೋತ ದನಿಯಲ್ಲೇ, ಪುಟ ಹೋದರೆ ಹೋಗಲಿ, ನಿಮಗೆ ಅಷ್ಟು ಹೊತ್ತು ನಿದ್ದೆ ಬಂತಲ್ಲ, ಅದೇ ಸಾಕು ಎಂದ.

ಹೆಂಡತಿ ಎದ್ದು ಅಡುಗೆಮನೆಗೆ ಹೋಗಲು ನೋಡಿದಳು. ಅಜ್ಜಿ ಲೋಟ ಕೆಳಗಿಟ್ಟರು.

"ನಿದ್ದೆನಾ? ನನಗೆಲ್ಲಿಂದ ಬರತ್ತೋ ನಿದ್ದೆ. ನೀನು ಹುಚ್ಚು ವೇಗದಲ್ಲಿ ಹೋಗಿ ಏನಾದ್ರೂ ಮಾಡ್ಕೋತೀಯ ಅಂತ ಇವಳು ಕಣ್ಣಲ್ಲಿ ನೀರು ಹಾಕ್ಕೊಂಡು ಮೇಲೆ ಬಂದ್ಲು. ನೀವು ಮಲಗಿದ ಹಾಗೆ ಮಾಡಿ, ಅವರು ಎಬ್ಬಿಸೋ ಜನ ಅಲ್ಲ ಅಂದ್ಲು. ಕೊಟ್ಟ ಮಾತು, ಏನು ಮಾಡ್ಲಿ? ಕುತ್ತಿಗೆ ಹಿಡ್ಕೊಂಡುಬಿಡ್ತು."

"ಮತ್ತೆ ಜೋರಾಗಿ ಹೋದಾಗ ನರಳಿದಿರಲ್ಲ ಅಜ್ಜಿ?"

ಅಜ್ಜಿಯ ಮುಖ ಅರಳಿತು. "ಅದು ನರಳಿದ್ದಲ್ಲ ಕಣೋ. ಹೊಟ್ಟೆಯೊಳಗೆ ಜುಂ ಅಂತು ನೋಡು, ತಡೆಯೋಕಾಗ್ಲಿಲ್ಲ. ಇನ್ನೊಂದು ಸಲ ಒತ್ತಲಪ್ಪಾ, ಇನ್ನೊಂದೇ ಸಲ ಅಂತ ಕಣ್ಣು ಮುಚ್ಕೊಂಡು ಕಾದೆ. ನೀನೋ, ಎತ್ತಿನ ಗಾಡಿ ಹೊಡೆದ ಹಾಗೆ ಹೊಡೆದೆ. ಇಷ್ಟು ವಯಸ್ಸಿಗೆ ಒಂದು ಅವಕಾಶ ಸಿಕ್ಕಿತ್ತು."

ಧಾರಣೆಪ್ಪ ಕುರ್ಚಿಯ ಮೇಲೆ ಕುಸಿದ. ತಾನು ಪ್ರಮಾಣ ಮಾಡಿ ಬರೆದ ಒಂದೇ ಒಂದು ಸತ್ಯ ಈ ಹೊತ್ತಿಗೆ ಸಾವಿರಾರು ಪ್ರತಿಯಾಗಿ ಅಚ್ಚಾಗುತ್ತಿತ್ತು. ಆಗ ಫೋನು ಬಡಿದುಕೊಂಡಿತು. ಸಂಪಾದಕರು. ಅವರ ದನಿಯಲ್ಲಿ ಅವನೆಂದೂ ಕೇಳದ ಸಿಹಿ.

ಲೇಖನವನ್ನು ಕಂಪನಿಯ ಪ್ರತಿನಿಧಿಗೆ ಓದಿ ಹೇಳಿದೆ, ಸೊಂಟದ ಅಪವಾದ ತೊಳೆದುಹೋಯಿತೆಂದು ಅವನು ಅತ್ತೇಬಿಟ್ಟ ಎಂದರು. ಆ ಖುಷಿಗೆ ಕಾರನ್ನು ಇನ್ನೂ ಒಂದು ವಾರ ಬಿಟ್ಟಿದ್ದಾನೆ. ತಜ್ಞನ ಸೊಂಟ ನೆಟ್ಟಗಾಗಿದೆ, ವೇಗದ ಪರೀಕ್ಷೆ ಅವನು ಮಾಡಲಿ ಎಂದರು. ಧಾರಣೆಪ್ಪನಿಗೆ ಪುಟದಲ್ಲಿ ಅರ್ಧ ಭಾಗ ಖಾಯಂ.

"ನನ್ನ ಅರ್ಧಕ್ಕೆ ನಾನೇನು ಓಡಿಸಲಿ ಸಾರ್?"

"ನೀವು ಓಡಿಸೋದೇನೂ ಬೇಡ. ಮುಂದಿನ ವಾರ ಹೊಸ ಸ್ಲೀಪರ್ ಬಸ್ಸು. ಡ್ರೈವರು ಅವರದೇ. ನೀವು ಅಜ್ಜಿ ಪಕ್ಕ ಕೂತು, ಅವರಿಗೆ ಎಷ್ಟು ಹೊತ್ತಿಗೆ ನಿದ್ದೆ ಬಂತು, ಎಷ್ಟು ಚೆನ್ನಾಗಿ ಬಂತು ಅಂತ ನೋಡಿ ಬರೀರಿ. ಅದರ ಮುಂದಿನ ವಾರ ರೈಲು. ಅಜ್ಜಿ ಒಪ್ಪಲಿಲ್ಲ ಅಂದ್ರೆ ಹೇಳಿ, ಈರುಳ್ಳಿ ಇದ್ದೇ ಇದೆ."

ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದ ಧಾರಣೆಪ್ಪ, ಹಾಗೇ ಮುಚ್ಚಿ, ಫೋನಿನ ಮೇಲೆ ಕೈಯಿಟ್ಟು ವಿಷಯ ತಿಳಿಸಿದ. ಹೆಂಡತಿಯ ಮುಖದಲ್ಲಿ ನೆಮ್ಮದಿ ಹರಡಿತು. ಅಜ್ಜಿ ಸೆರಗು ಸರಿಮಾಡಿಕೊಂಡು ಮುಂದೆ ಬಾಗಿದರು.

"ಮಲಗೋದಕ್ಕೇನು, ಎಷ್ಟು ಬೇಕಾದ್ರೂ ಮಲಗ್ತೀನಿ," ಎಂದರು. "ಆ ಬಸ್ಸು ಎಷ್ಟು ಜೋರಾಗಿ ಹೋಗತ್ತಂತೆ, ಮೊದಲು ಅದನ್ನ ಕೇಳು."