ಇಪ್ಪತ್ತು ಸಲ ಎತ್ತಿದ ಕೈ

ನಿಡಘಟ್ಟದ ಸಿದ್ದರಾಜು ಆ ಬೆಳಿಗ್ಗೆ ತನ್ನ ವ್ಯಾಯಾಮವನ್ನು ಮನೆಯಲ್ಲೇ ಮುಗಿಸಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಬೈಕಿನಿಂದ ಬಿದ್ದು ಬಲಭುಜ ಜಖಂ ಮಾಡಿಕೊಂಡು ಎರಡು ತಿಂಗಳಾಗಿತ್ತು. ಮದ್ದೂರಿನ ಫಿಸಿಯೋಥೆರಪಿ ಡಾಕ್ಟರು ಚಿತ್ರಾ ಹೇಳಿದ್ದರು: "ಬರೋ ದಿನ ತಲೆ ಮೇಲಕ್ಕೆ ಇಪ್ಪತ್ತು ಸಲ ಕೈ ಎತ್ತಿ, ಕೀಲು ಸಡಿಲ ಮಾಡ್ಕೊಂಡು ಬನ್ನಿ. ಆಮೇಲೇ ಸರ್ಟಿಫಿಕೇಟ್."

ಆ ಕಾಗದ ಹನ್ನೊಂದರೊಳಗೆ ಅಲ್ಲಿನ ಶಾಲೆಗೆ ಮುಟ್ಟಿದರೆ ವ್ಯಾನ್ ಡ್ರೈವರ್ ಕೆಲಸ ಮತ್ತೆ ಅವನದು. ಇಲ್ಲವಾದರೆ ಬದಲಿಗೆ ಬಂದಿದ್ದ ರವಿಚಂದ್ರನಿಗೇ ಕಾಯಂ.

ಆದರೆ ಏಳುವುದೇ ತಡವಾಯಿತು. ಬಸ್ ಸ್ಟಾಪಿನಲ್ಲೇ ಶುರು ಮಾಡಿದ. ನಾಲ್ಕನೇ ಸಲ ಎತ್ತಿದಾಗ ಬಸ್ಸೊಂದು ಕಿರ್ರನೆ ನಿಂತಿತು.

"ಬೇಗ ಅತ್ಕಳಣ್ಣ," ಅಂದ ಕಂಡಕ್ಟರ್.

"ಇನ್ನೂ ಅದಿನಾರು ಬಾಕಿ ಐತೆ ಕಣಣ್ಣ. ಎಕ್ಸಸೈಜು."

"ಎಕ್ಸಸೈಜ್ ಮಾಡಕೆ ನಿಂಗೆ ರೋಡೇ ಬೇಕಿತ್ತಾ? ರೈಟ್."

ಹನ್ನೊಂದನೆಯದಕ್ಕೆ ಇನ್ನೊಂದು ಬಸ್ಸು ನಿಂತಿತು. ಅದೇ ಮಾತು, ಬೈಗುಳ ಮಾತ್ರ ಸ್ವಲ್ಪ ಉದ್ದ. ಇಪ್ಪತ್ತು ಮುಗಿಸಿ, ಇಪ್ಪತ್ತೊಂದನೇ ಸಲ ನಿಜಕ್ಕೂ ಬಸ್ಸಿಗಾಗಿಯೇ ಕೈ ಎತ್ತಿದಾಗ ಮೂರನೆಯದು ವೇಗ ತಗ್ಗಿಸಿತು. ಅಲ್ಲಿ ಹೂ ಮಾರುವ ಚಲುವಮ್ಮ ಪರೋಪಕಾರಿ. ಎದ್ದು ನಿಂತು ಡ್ರೈವರಿಗೆ ಕೈ ಬೀಸಿದಳು.

"ನಿಲ್ಲುಸ್ಬ್ಯಾಡ ಕಣಪ್ಪ, ಓಗು. ಅವ್ನು ಬರಾಕಿಲ್ಲ, ಬರೀ ಕೈ ಎತ್ತಾನೆ."

"ಬತ್ತೀನಿ ಕಣಕ್ಕ, ಈಗ ಬತ್ತೀನಿ" ಎಂದು ಸಿದ್ದರಾಜು ಓಡುವಷ್ಟರಲ್ಲಿ ಬಸ್ಸು ಹೋಗಿಯಾಗಿತ್ತು.

"ಮೊದ್ಲೇ ಯೋಳ್ಬಾರ್ದಾ," ಅಂದಳು ಚಲುವಮ್ಮ, ಮೊಗ್ಗು ಕಟ್ಟುತ್ತ.

ಅವನು ಬೆದರುಬೊಂಬೆಯಂತೆ ಕೈ ಚಾಚಿ ನಿಂತ. ವಾಹನಗಳೆಲ್ಲ ಹಕ್ಕಿಗಳಂತೆ ದೂರ ಸರಿದು ಹೋದವು. ಕೊನೆಗೆ ನಿಂತದ್ದು ಹಳದಿ ಶಾಲಾ ವ್ಯಾನು. ಒಳಗೆ ರವಿಚಂದ್ರ ಒಬ್ಬನೇ.

"ಅತ್ಕಳಣ್ಣ. ಡಾಕ್ಟ್ರತ್ರ ತಾನೆ?"

"ನಿನ್ ಕೆಲ್ಸ ಓಯ್ತದಲ್ಲೋ."

"ಕೆಲ್ಸ ಮೊದ್ಲಿಂದ ನಿಂದೇ ಅಲ್ವಾ. ಬಾ."

ಚಿತ್ರಾ ಭುಜ ಒತ್ತಿ ನೋಡಿದರು, ಕೈ ಎತ್ತಿಸಿದರು, ಸೀಲು ಹಾಕಿದರು. ಹತ್ತೂವರೆಗೆ ಶಾಲೆಯ ಒಡೆಯ ಮಧುಕರ ಕಾಗದ ಓದಿ ತಲೆಯಾಡಿಸಿದರು.

"ಸರಿ, ನಾಳೆಯಿಂದ ಬನ್ನಿ. ಈ ರಶ್ಶಲ್ಲಿ ಇಷ್ಟು ಬೇಗ ಹೇಗೆ ಬಂದ್ರಿ?"

ಅಲ್ಲಿ ಸುಮ್ಮನಿದ್ದಿದ್ದರೆ ಸಾಕಿತ್ತು. ಉಪಕಾರದ ಭಾರ ಸಿದ್ದರಾಜುವಿನ ಬಾಯಿ ತೆರೆಸಿತು. "ನಮ್ ರವಿಚಂದ್ರ ವ್ಯಾನ್ ನಿಲ್ಸಿ ಅತ್ತುಸ್ಕೊಂಡ ಸಾರ್. ಚಿನ್ನದಂತ ಉಡ್ಗ. ಅವುನ್ಗೂ ಇಲ್ಲೇ ಏನಾರ ಕೆಲ್ಸ ಕೊಡಿ."

ಮಧುಕರ ಕಿಟಕಿಯಾಚೆ ನಿಂತಿದ್ದ ವ್ಯಾನಿನತ್ತ ನೋಡಿದರು. ಅದರ ಬಾಗಿಲ ಮೇಲೆ ಹೋದ ವರ್ಷ ಸಿದ್ದರಾಜು ತಾನೇ ಬಣ್ಣದಲ್ಲಿ ಬರೆದಿದ್ದ ಸಾಲು: 'ಶಾಲೆಯ ಮಕ್ಕಳ ಹೊರತು ಯಾರನ್ನೂ ಹತ್ತಿಸುವುದಿಲ್ಲ.'

"ನಿಮ್ಮದೇ ಅಕ್ಷರ ಅಲ್ವೇನ್ರೀ? ಹತ್ತಿಸಿದೋರೂ ನನಗೆ ಬೇಡ, ಹತ್ತಿದೋರೂ ಬೇಡ."

ಮಧ್ಯಾಹ್ನ ಇಬ್ಬರೂ ಮದ್ದೂರಿನ ಸ್ಟಾಪಿನಲ್ಲಿ ನಿಂತಿದ್ದರು. "ತಪ್ಪಾಯ್ತು ಕಣ್ಲಾ" ಎಂದು ಸಿದ್ದರಾಜು ಮೂರು ಸಲ ಹೇಳಿದ. ರವಿಚಂದ್ರ ರಸ್ತೆ ನೋಡುತ್ತಿದ್ದ.

ಬಸ್ಸು ಬಂತು. ಸಿದ್ದರಾಜು ಕೈ ಎತ್ತಿದ. ಚಿತ್ರಾ ನೋಡಿದ್ದರೆ ಇನ್ನೊಂದು ಸೀಲು ಒತ್ತುತ್ತಿದ್ದರು, ಅಷ್ಟು ನೇರವಾಗಿತ್ತು. ಬಾಗಿಲಲ್ಲಿ ಬೆಳಗಿನ ಮೊದಲ ಬಸ್ಸಿನ ಅದೇ ಕಂಡಕ್ಟರ್.

"ಏನಣ್ಣ, ಈಗ್ಲಾದ್ರೂ ಬತ್ತೀಯೋ, ಇದೂ ಎಕ್ಸಸೈಜೋ?"

ಅಷ್ಟರಲ್ಲಿ ಹತ್ತಿ ಕೂತಿದ್ದ ರವಿಚಂದ್ರ ಒಳಗಿನಿಂದ ಉತ್ತರ ಕೊಟ್ಟ.

"ಎಕ್ಸಸೈಜೇ ಕಣಣ್ಣ. ರೈಟ್ ಯೋಳು."