ಜೀಪಿನ ಇಂಜಿನ್ನಿಗೆ ಮಾಸ್ತರರ ತಪಾಸಣೆ

ಹಳೆಯ ಗಾಡಿ ಇಟ್ಟುಕೊಂಡವನನ್ನು ನಗೆಯ ಪ್ರಸಂಗಗಳು ಹುಡುಕಿಕೊಂಡು ಬರುತ್ತವೆ. ಅದರ ಇಂಜಿನ್ನು ಬಿಚ್ಚಿಸಿದವನ ಮನೆಯಲ್ಲಂತೂ ಅವು ವಸ್ತಿಯೇ ಹೂಡುತ್ತವೆ. ನಾನು ಮೂವತ್ತು ವರ್ಷ ಬೆಳಗಾವಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ಮಾಸ್ತರ. ಮನೆ ಪೀರನವಾಡಿಯಲ್ಲಿ. ಮನೆಯ ಮುಂದೆ ವಯಸ್ಸಿನಲ್ಲಿ ನನಗಿಂತ ಸ್ವಲ್ಪವೇ ಚಿಕ್ಕದಾದ ಒಂದು ಡೀಸೆಲ್ ಜೀಪು. ಹೋದ ವರ್ಷ ಹೆಂಡತಿಯನ್ನು ಕೂಡಿಸಿಕೊಂಡು ಖಾನಾಪುರದ ತವರಿಗೆ ಹೊರಟಾಗ ಅದು ದೇಸೂರು ದಾಟಿದ್ದೇ ತಡ, ಭುಸ್ಸೆಂದು ಹೊಗೆ ಬಿಟ್ಟು ನಿಂತಿತು. ಆಕೆ ರೇಷ್ಮೆ ಸೀರೆ ಎತ್ತಿ ಹಿಡಿದು ಹಿಂದೆ ಬಂದ ಬಸ್ಸು ಹತ್ತಿದಳು. ಕಿಟಕಿಯಿಂದಲೇ ಹೇಳಿದಳು: "ಇನ್ನ ಮ್ಯಾಲ ನಾ ಈ ಗಾಡ್ಯಾಗ ಕುಂತ್ರ ಕೇಳ್ರಿ."

ಈ ವರ್ಷ ಆಕೆಯ ತಮ್ಮ ಖಾನಾಪುರದಲ್ಲಿ ಹೊಸ ಮನೆ ಕಟ್ಟಿಸಿದ. ವಾಸ್ತುಶಾಂತಿಗೆ ಎರಡು ತಿಂಗಳಿತ್ತು. ಆ ದಿನ ಹೆಂಡತಿ ಬಸ್ಸಿನಲ್ಲೂ ನಾನು ಜೀಪಿನಲ್ಲೂ ಹೋಗಿ ಇಳಿದರೆ ಬೀಗರ ಮುಂದೆ ಮುಖ ಎಲ್ಲಿಡಲಿ? ಇಂಜಿನ್ನು ಪೂರ್ತಿ ಹೊಸದು ಮಾಡಿಸುವುದೆಂದು ನಿರ್ಧರಿಸಿದೆ. ಪಕ್ಕದ ಮನೆಯವರು ಎಚ್ಚರಿಸಿದರು: "ಇಂಜಿನ್ ಬೋರಿಂಗ್ ಅಂಗಡಿಯವರು ಕೊಟ್ಟಿದ್ದನ್ನ ಕಣ್ಣ ಮುಚ್ಚಿ ತಗೋಬ್ಯಾಡ್ರಿ ಮಾಸ್ತರ, ಎಲ್ಲಾ ಅಳದ ನೋಡ್ರಿ." ಅಳೆಯುವುದನ್ನು ನನಗೆ ಹೇಳಿಕೊಡಬೇಕೆ!

1. ಸರಾಸರಿ

ಉದ್ಯಮಬಾಗದ ಬೋರಿಂಗ್ ಅಂಗಡಿಯ ಮಾಲೀಕ ನನ್ನದೇ ಹಳೆಯ ವಿದ್ಯಾರ್ಥಿ. ಈಗ ಅವನ ತಲೆಯೂ ನರೆತಿದೆ. ಸಿಲಿಂಡರುಗಳನ್ನು ಕೊರೆದು ನುಣುಪು ಮಾಡಿ ಮುಗಿಸಿದ್ದೇನೆ ಎಂದು ಫೋನ್ ಮಾಡಿದ. ನಾನು ಟ್ರಂಕಿನಿಂದ ಶಾಲೆಯ ಕಾಲದ ವರ್ನಿಯರ್ ಕ್ಯಾಲಿಪರ್ ತೆಗೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಪರೀಕ್ಷಾ ಮೇಲ್ವಿಚಾರಕನ ಗತ್ತಿನಲ್ಲಿ ಹೋದೆ.

ಮೊದಲ ಸಿಲಿಂಡರಿನ ಬಾಯಿಗೆ ವರ್ನಿಯರ್ ಇಟ್ಟು, ಕನ್ನಡಕ ಏರಿಸಿ, ಅಳತೆಯನ್ನು ವಹಿಯಲ್ಲಿ ಬರೆದುಕೊಂಡೆ. "ಇದು ಜಾಸ್ತಿ ಆಗೇತಲ್ಲೋ" ಅಂದೆ.

ಅವನು ಸಿಟ್ಟಾಗಲಿಲ್ಲ. "ಸರ, ಅದ ಸಿಲಿಂಡರ್ ಇನ್ನೊಂದ ಸಲ ಅಳೀರಿ" ಅಂದ. ಅಳೆದೆ. ಈಗ ಕಡಿಮೆ ಬಂತು. "ಮತ್ತೊಂದ ಸಲ ನೋಡ್ರಿ" ಅಂದ. ಮೂರನೆಯ ಸಲ ಮೂರನೆಯದೇ ಒಂದು ಸಂಖ್ಯೆ ಬಂತು. ಅಂಗಡಿಯ ಕೆಲಸಗಾರರೆಲ್ಲ ಯಂತ್ರ ನಿಲ್ಲಿಸಿ ನೋಡುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು, "ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದರ ಸರಿಯಾದದ್ದು ಸಿಗತೈತಿ" ಅಂದೆ.

ಅವನು ಕೈಕಟ್ಟಿ ನಿಂತು, ಬಹಳ ವಿನಯದಿಂದ ಹೇಳಿದ: "ಸಾಲ್ಯಾಗ ನೀವು ಹಂಗ ಕಲಿಸಿದ್ರಿ ಸರ. ಆದರ ಪಿಸ್ಟನ್ನಿಗೆ ಸರಾಸರಿ ತಿಳಿಯೂದಿಲ್ಲರಿ."

ಆಮೇಲೆ ಅವನೇ ಸಿಲಿಂಡರಿನೊಳಗೆ ಇಳಿಯುವ ಗೇಜನ್ನು ತಂದು ಮೇಲೆ, ನಡುವೆ, ಕೆಳಗೆ ಅಳೆದು ತೋರಿಸಿದ. ಎಲ್ಲವೂ ಒಂದೇ ಇತ್ತು. ಹೊರಡುವಾಗ ನನ್ನ ವರ್ನಿಯರನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟು, ಅದರ ಬದಲು ಇನ್ನೂ ಸೂಕ್ಷ್ಮವಾಗಿ ಅಳೆಯುವ ತನ್ನ ಹಳೆಯ ಮೈಕ್ರೋಮೀಟರ್ ಒಂದನ್ನು ಬಳಸಲು ಕೊಟ್ಟ. ಬಡ್ತಿ ಸಿಕ್ಕಿತೆಂದು ನಾನು ಖುಷಿಯಾಗಿಯೇ ಮನೆಗೆ ಬಂದೆ.

2. ಮಾಳಿಗೆಯ ಮೇಲೆ

ಅಂಗಡಿಯವನು ಕೊಟ್ಟ ಹೊಸ ಪಿಸ್ಟನ್ನುಗಳನ್ನು ಮನೆಗೆ ತಂದು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದೆ. ಹೆಂಡತಿ, "ಎಣ್ಣಿ ಹಚ್ಚಿದ್ದ ಸಾಮಾನ ತಂದು ಊಟದ ಮೇಜಿನ ಮ್ಯಾಲ ಇಡ್ತಾರೇನ್ರಿ?" ಎಂದು ನಾಲ್ಕನ್ನೂ ಬುಟ್ಟಿಗೆ ತುಂಬಿ ಮಾಳಿಗೆಗೆ ಸಾಗಿಸಿದಳು. ಅಲ್ಲಿ ಸಂಡಿಗೆ ಒಣಗುತ್ತಿದ್ದವು. ಅವುಗಳ ಬಾಜುವಿನಲ್ಲೇ ಪಿಸ್ಟನ್ನುಗಳೂ ಮಧ್ಯಾಹ್ನದವರೆಗೆ ಒಣಗಿದವು.

ಊಟ ಮಾಡಿ ಹೋಗಿ ಅಳೆದೆ. ನಾಲ್ಕೂ ದಪ್ಪ! ಸಿಲಿಂಡರಿನ ಗೋಡೆಗೂ ಪಿಸ್ಟನ್ನಿಗೂ ಕೂದಲೆಳೆಯಷ್ಟು ಸಂದು ಬಿಡಬೇಕು. ನನ್ನ ಲೆಕ್ಕದಲ್ಲಿ ಅದರ ಅರ್ಧವೂ ಉಳಿಯುತ್ತಿರಲಿಲ್ಲ. ಬುಟ್ಟಿಯನ್ನು ಎತ್ತಿಕೊಂಡು, ಅದೇ ಬಿಸಿಲಿನಲ್ಲಿ ಆಟೋ ಹಿಡಿದು ಉದ್ಯಮಬಾಗಕ್ಕೆ ಹೋಗಿ ಬುಟ್ಟಿ ಕುಕ್ಕಿದೆ. "ಇಂಥಾ ಪಿಸ್ಟನ್ ಹಾಕಿದರ ಗಾಡಿ ದೇಸೂರ ತನಕಾನೂ ಹೋಗೂದಿಲ್ಲ!"

ಅವನು ಒಂದು ಪಿಸ್ಟನ್ನನ್ನು ಕೈಗೆತ್ತಿಕೊಂಡ. ತಕ್ಷಣ ಇನ್ನೊಂದು ಕೈಗೆ ಬದಲಿಸಿದ. ಮತ್ತೆ ಮೊದಲ ಕೈಗೆ. "ಸರ, ಇವನ್ನ ಎಲ್ಲೆ ಇಟ್ಟಿದ್ರಿ?"

"ಮಾಳಗಿ ಮ್ಯಾಲ."

"ಮೊದಲ ಫ್ಯಾನಿನ ಕೆಳಗ ಕುಂದರ್ರಿ" ಎಂದು ನನ್ನನ್ನೂ ಪಿಸ್ಟನ್ನುಗಳನ್ನೂ ಒಂದೇ ಬೆಂಚಿನ ಮೇಲೆ ಕೂಡಿಸಿ, ಚಹಾ ತರಿಸಿದ. ಎರಡು ತಾಸಿನ ನಂತರ ಅಳೆದರೆ ನಾಲ್ಕೂ ಸರಿಯಾಗಿದ್ದವು. ಅವನು ಮೈಕ್ರೋಮೀಟರ್ ಒರೆಸುತ್ತ ಅಂದ: "ಕಾಸಿದರ ಲೋಹ ಹಿಗ್ಗತೈತಿ ಅಂತ ನನ್ನ ಕಡಿಂದ ಐವತ್ತು ಸಲ ಬರೆಸಿದ್ರಿ ಸರ. ಆವತ್ತು ನೀವೂ ಒಂದೆರಡ ಸಲ ಬರೀಬೇಕಿತ್ತರಿ."

3. ಮೂರು ಬರೋಬರ್

ನಮ್ಮ ಅಂಗಳದಲ್ಲೇ ಇಂಜಿನ್ನು ಜೋಡಿಸಲು ಒಪ್ಪಿದ್ದವನು ಖಾನಾಪುರದ ಕಡೆಯ ಮಿಸ್ತ್ರಿ. ಮನೆಯಲ್ಲಿ ಮರಾಠಿ, ನನ್ನ ಹತ್ತಿರ ಕನ್ನಡ, ನಟ್ಟು ಜಾಮ್ ಆದಾಗ ಎರಡೂ. ಅವನು ಅಳತೆಯ ಯಾವ ಉಪಕರಣವನ್ನೂ ಮುಟ್ಟುವುದಿಲ್ಲ. ಉಗುರಿನಿಂದ ಕೆರೆಯುತ್ತಾನೆ, ಬೆರಳಿನಿಂದ ಸವರುತ್ತಾನೆ, ಸ್ಪ್ಯಾನರಿನಿಂದ ಮೆಲ್ಲಗೆ ಬಡಿದು ಕಿವಿಗೊಡುತ್ತಾನೆ. ಆಮೇಲೆ ತೀರ್ಪು: "ಬರೋಬರ್."

ಈ ಬರೋಬರ್‌ನಲ್ಲಿ ಮೂರು ಬಗೆ ಇವೆಯೆಂದು ನಾಲ್ಕು ದಿನದಲ್ಲಿ ನನಗೆ ತಿಳಿಯಿತು. ಮುಖ ನೋಡಿ ಹೇಳಿದರೆ ಕೆಲಸ ಸರಿಯಾಗಿದೆ. ಬೇರೆ ಕಡೆ ನೋಡುತ್ತ ಹೇಳಿದರೆ ಸರಿಯಾಗಿಲ್ಲ, ಆದರೆ ನಡೆಯುತ್ತದೆ. ತಂಬಾಕು ಉಗುಳಿ ಬಂದು ಹೇಳಿದರೆ ಇವತ್ತಿನ ಕೆಲಸ ಮುಗಿಯಿತು.

ಒಂದು ದಿನ ನಾನು ಸಿಲಿಂಡರುಗಳಿರುವ ಕಬ್ಬಿಣದ ಬ್ಲಾಕಿನ ಎಲ್ಲ ಅಳತೆಗಳನ್ನೂ ವಹಿಯಲ್ಲಿ ಬರೆದು, ಕೆಳಗೆ ಸಹಿ ಹಾಕಿ, ತಾರೀಖು ಹಾಕಿ, ಅವನ ಮುಂದೆ ಹಿಡಿದೆ. ಅವನು ಓದಲಿಲ್ಲ. ಬ್ಲಾಕಿನ ಪಕ್ಕದಲ್ಲಿದ್ದ, ಎಣ್ಣೆ ಹರಿಯುವ ಸಣ್ಣ ತೂತಿಗೆ ಗಾಳಿಯ ನಳಿಗೆ ಇಟ್ಟು, "ಮಾಸ್ತರ, ಆ ಕಡೆ ಸರಕೋರಿ" ಅಂದ. ನಾನು ಯಾಕೆ ಸರಿಯಬೇಕೆಂದು ಅಲ್ಲೇ ಬಗ್ಗಿ ನೋಡಿದೆ. ಭುಸ್ಸೆಂದು ಗಾಳಿ ಹೊಡೆಯಿತು. ಬೋರಿಂಗ್ ಮಾಡುವಾಗ ಬಿದ್ದ ಕಬ್ಬಿಣದ ಪುಡಿಯೆಲ್ಲ ಎಣ್ಣೆಯ ಸಮೇತ ನನ್ನ ಬಿಳಿ ಅಂಗಿಯ ಮೇಲೆ ಬಂದು ಕೂತಿತು. ಅದು ಒಳಗೇ ಉಳಿದಿದ್ದರೆ ಹೊಸ ಇಂಜಿನ್ನು ಹದಿನೈದು ದಿನವೂ ಬಾಳುತ್ತಿರಲಿಲ್ಲ. ನನ್ನ ವಹಿಯಲ್ಲಿ ನಲವತ್ತೆಂಟು ಅಳತೆಗಳಿದ್ದವು, ಈ ತೂತಿನ ಹೆಸರೇ ಇರಲಿಲ್ಲ.

ಮಿಸ್ತ್ರಿ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದ. "ಈಗ ಬರೋಬರ್" ಅಂದ. ನನ್ನ ಮುಖ ನೋಡಿಯೇ ಹೇಳಿದ.

4. ನಡುವಿನ ಗುರುತು

ಅಳೆಯಲು ಕೊನೆಗೆ ಉಳಿದದ್ದು ಕ್ರ್ಯಾಂಕ್. ಪಿಸ್ಟನ್ನುಗಳು ಮೇಲೆ ಕೆಳಗೆ ಕುಣಿದರೆ ತಿರುಗುವ ದಪ್ಪ ಲೋಹದ ದಂಡ ಅದು; ಬ್ಲಾಕಿನಲ್ಲಿ ಐದು ಕಡೆ ಊರಿಕೊಂಡು ತಿರುಗುತ್ತದೆ. ಆ ಐದು ಜಾಗಗಳನ್ನು ಕನ್ನಡಿಯ ಹಾಗೆ ಉಜ್ಜಿಸಿ ತಂದು, ಪಡಸಾಲೆಯ ಮೂಲೆಯಲ್ಲಿ ನಿಲ್ಲಿಸಿದ್ದೆವು. ವಾಸ್ತುಶಾಂತಿಗೆ ಒಂಬತ್ತು ದಿನ ಉಳಿದಿತ್ತು. ಹೆಂಡತಿ ಜೀಪಿನ ವಿಷಯ ಎತ್ತುತ್ತಲೇ ಇರಲಿಲ್ಲ. ಬಸ್ಸಿನ ವೇಳೆಯನ್ನು ಮಾತ್ರ ಒಂದೆರಡು ಸಲ ಜೋರಾಗಿ ವಿಚಾರಿಸಿದ್ದಳು.

ಬೆಳಿಗ್ಗೆ ಅಳೆಯಲು ಕುಳಿತೆ. ಮೊದಲನೆಯದು ಸರಿ, ಎರಡನೆಯದು ಸರಿ. ಮೂರನೆಯದರ ಮೇಲೆ ಬೆಳ್ಳಗೆ ಮೂರು ಗೆರೆಗಳಿದ್ದವು. ಅಂಗಡಿಯವರು ಸೀಮೆಸುಣ್ಣದಲ್ಲಿ ಗುರುತು ಹಾಕುವುದುಂಟು; ಮೂರನೆಯದಕ್ಕೆ ಮೂರು ಗೆರೆ, ಎಷ್ಟು ಶಿಸ್ತು ಎಂದು ಶಿಷ್ಯನ ಬಗ್ಗೆ ಹೆಮ್ಮೆಪಟ್ಟೆ. ಅಳೆದರೆ ದಪ್ಪ! ಮೂರು ಸಲ ಅಳೆದರೂ ದಪ್ಪ. ನಾಲ್ಕನೆಯದು, ಐದನೆಯದು ಮತ್ತೆ ಸರಿ. ಹೆಮ್ಮೆ ಹೋಗಿ ಸಿಟ್ಟು ಬಂತು. ಫೋನ್ ಮಾಡಿ, "ಈಗಿಂದೀಗ ಬಾ. ನಡುವಿಂದು ಕೆಟ್ಟೈತಿ" ಅಂದೆ.

ಪಾಪ, ಕೆಲಸ ಬಿಟ್ಟು ಮೋಟರ್‌ಸೈಕಲ್ಲಿನಲ್ಲಿ ಓಡಿ ಬಂದ. ಅಳೆಯುವ ಮೊದಲು ಒರೆಸುವುದು ಅವನ ರೂಢಿ. ಬಟ್ಟೆಯಿಂದ ಒರೆಸಲು ಹೋದವನು ನಿಂತ. ಬೆರಳಿನಿಂದ ಮುಟ್ಟಿ ಮೂಸಿ ನೋಡಿದ. ನನ್ನ ಹಣೆಯನ್ನು ನೋಡಿದ. ಕ್ರ್ಯಾಂಕನ್ನು ನೋಡಿದ. ಮತ್ತೆ ನನ್ನ ಹಣೆಯನ್ನು ನೋಡಿದ.

"ಸರ, ಇದು ಸೀಮೆಸುಣ್ಣ ಅಲ್ಲರಿ. ಇಬತ್ತಿ."

ದಿನಾ ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿಕೊಳ್ಳುವ ನನಗೆ ಅದರ ಗುರುತು ಸಿಕ್ಕಿರಲಿಲ್ಲ. ಅವನು ಮೂರು ಗೆರೆಗಳನ್ನೂ ಒರೆಸಿ ಅಳೆದ. ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇರಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

"ನೀ ಹಚ್ಚಿದೆಯೇನು?"

"ಮತ್ತ? ಎಣ್ಣಿ ಜಿಡ್ಡು ಚಂದಂಗ ಒರಸೇ ಹಚ್ಚೀನಿ. ಹಣಿ ಯಾವುದಂತ ತಿಳೀಲಿಲ್ಲ, ನಟ್ಟನಡಕ ಹಚ್ಚಿದೆ."

ಬಯ್ಯಬೇಕೆಂದು ಬಾಯಿ ತೆರೆದೆ. ಆಮೇಲೆ ಹೊಳೆಯಿತು: ಕೂಡುವ ಮನಸ್ಸಿಲ್ಲದ ಗಾಡಿಗೆ ಯಾರೂ ವಿಭೂತಿ ಹಚ್ಚುವುದಿಲ್ಲ. ಖರೇ ಹೇಳುತ್ತೇನೆ, ಆ ಕ್ಷಣ ನನ್ನ ಕಣ್ಣು ತುಂಬಿ ಬಂತು. ಮಿಸ್ತ್ರಿ ಅದೇ ದಿನ ಕ್ರ್ಯಾಂಕ್ ಕೂಡಿಸಿದ.

ವಾಸ್ತುಶಾಂತಿಯ ದಿನ ಆಕೆ ರೇಷ್ಮೆ ಸೀರೆಯುಟ್ಟು ಮುಂದಿನ ಸೀಟಿನಲ್ಲಿ ಬಂದು ಕೂತಳು. ಜೀಪು ಎಲ್ಲೂ ಕೆಮ್ಮದೆ ಖಾನಾಪುರ ಮುಟ್ಟಿತು. ಬಂದ ಬೀಗರೆಲ್ಲ ಬಾನೆಟ್ ಎತ್ತಿಸಿ ನೋಡಿದರು. "ಏನ ಸಪ್ಪಳ ಇಲ್ಲಲ್ರೀ ಭಾವಾರ! ಯಾರು ಮಾಡಿದ್ರು ಕೆಲಸ?" ಎಂದ ಆಕೆಯ ತಮ್ಮ.

ನಾನು ಶಲ್ಯ ಸರಿಮಾಡಿಕೊಂಡೆ. "ಕೆಲಸ ಅಂಗಡಿಯವರದು. ಆದರ ತಪಾಸಣಿ ಮಾತ್ರ ಪೂರಾ ನಂದು."

ಹೆಂಡತಿ ಪೇಡೆಯ ತಟ್ಟೆ ಹಿಡಿದು ಅತ್ತಲೇ ಹೊರಟಿದ್ದಳು. ನಿಂತು ತಮ್ಮನಿಗೆ ಹೇಳಿದಳು: "ಹೌದಪಾ. ಅಂಗಡಿಯವರ ಮ್ಯಾಲ ನನಗ ಭರೋಸಾ ಇತ್ತು. ತಪಾಸಣಿ ಇವರದಂತ ಗೊತ್ತಾದ ಮ್ಯಾಲನ ನಾ ಇಬತ್ತಿ ಹಚ್ಚಿದ್ದು."