ಮುಂದಿನ ವಾಕ್ಯ ಓದಯ್ಯಾ!

ನಮ್ಮ ಸೋದರಮಾವನ ಎದುರಿಗೆ ಸತ್ಯವೇದದ, ಅಂದರೆ ಬೈಬಲ್ಲಿನ, ಒಂದು ವಾಕ್ಯ ಹೇಳಿ, ಮಾನ ಉಳಿಸಿಕೊಂಡು ಎದ್ದುಹೋದವರು ಇಡೀ ಜಯನಗರದಲ್ಲಿ ಒಬ್ಬರೂ ಇಲ್ಲ. ಆ ಕಾಲದ ಜಯನಗರದಲ್ಲಿ ಜನರಿಗಿಂತ ಸೈಟಿನ ಗಡಿಕಲ್ಲುಗಳೇ ಹೆಚ್ಚಾಗಿದ್ದವು ಎನ್ನುವುದು ನಿಜ. ಆದರೆ ಇದ್ದಷ್ಟು ಜನರನ್ನೂ ಅವರು ಬಿಡಲಿಲ್ಲವಲ್ಲ!

ಜೀವಮಾನವಿಡೀ ಅಚ್ಚುಕೂಟದಲ್ಲಿ ಪ್ರೂಫ್ ತಿದ್ದಿದ ಮನುಷ್ಯ. ಕೆಲಸ ಬಿಟ್ಟರೂ ಚಟ ಬಿಡಲಿಲ್ಲ. ಯಾರಾದರೂ ಒಂದೇ ಒಂದು ವಾಕ್ಯವನ್ನು ಬಿಡಿಯಾಗಿ ಹೇಳಿದರೆ ಸಾಕು, ಕಪ್ಪು ಕೊಡೆಯನ್ನು ನೆಲಕ್ಕೆ ಕುಟ್ಟಿ, "ಹಿಂದಿನದು ಓದಿದ್ಯಾ? ಮುಂದಿನದು ಓದಿದ್ಯಾ?" ಎಂದು ಗದರುವರು. ಬೇಸಿಗೆಯಲ್ಲೂ ಕೈಬಿಡದ ಕೊಡೆ. ಒಂದು ಕಡ್ಡಿ ಮುರಿದಿತ್ತು. ಮಳೆಗಿಂತ ಹೆಚ್ಚಾಗಿ ಅದು ನೆನೆದದ್ದು ಅವರು ವಾದ ಮಾಡುವಾಗ ಹಾರುತ್ತಿದ್ದ ಉಗುಳಿನಲ್ಲಿ.

ಒಂದು ಮದುವೆ. ಹುಡುಗಿಯ ತಂದೆ ಅಳಿಯನಿಗೆ ಕಟ್ಟು ಹಾಕಿಸಿದ ವಾಕ್ಯವೊಂದನ್ನು ಉಡುಗೊರೆ ಕೊಟ್ಟರು. ನಾವು ದೂರ ದೂರ ಇರುವಾಗ ದೇವರು ನಮ್ಮಿಬ್ಬರನ್ನೂ ನೋಡುತ್ತಿರಲಿ ಎಂಬ ಅರ್ಥದ್ದು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಮ್ಮ ಮಾವ ಎದ್ದು ನಿಂತರು.

"ಇದನ್ನ ಹೇಳಿದ್ದು ಯಾರು ಗೊತ್ತೇನ್ರೀ? ಲಾಬಾನ. ಯಾರಿಗೆ? ಅಳಿಯ ಯಾಕೋಬನಿಗೆ. ಯಾಕೆ? ಅಳಿಯನ ಮೇಲೆ ಎಳ್ಳಷ್ಟೂ ನಂಬಿಕೆ ಇರ್ಲಿಲ್ಲ! ನಾನಿಲ್ದೇ ಇದ್ದಾಗ ನೀನೇನು ಮಾಡ್ತೀಯೋ, ದೇವರೇ ಒಂದು ಕಣ್ಣಿಡ್ಲಿ ಅಂತ! ಮುಂದಿನ ವಾಕ್ಯ ಓದ್ರಿ!"

ಓದಿದರು. ಹಾಗೇ ಇತ್ತು. ಅಳಿಯ ಹುಡುಗಿಯ ತಂದೆಯನ್ನು ನೋಡಿದ. ಹುಡುಗಿಯ ತಂದೆ ಲಾಡನ್ನು ನೋಡಿದರು. ಆ ಕಟ್ಟು ಆಮೇಲೆ ಯಾರ ಮನೆಯ ಗೋಡೆಯ ಮೇಲೂ ಕಾಣಲಿಲ್ಲ.

ಇಂಥವರ ಕೈಗೆ ನಾನು ಸಿಕ್ಕಿಬಿದ್ದದ್ದು ದೇವಾಲಯ ಕಟ್ಟುವಾಗ. ಅಲ್ಲಿಯವರೆಗೆ ನಮ್ಮ ಕಡೆಯ ಕ್ರೈಸ್ತರು ಇಪ್ಪತ್ತು ಮನೆಯವರು ಭಾನುವಾರ ಶಾಲೆಯ ಕೊಠಡಿಯೊಂದರಲ್ಲಿ ಕೂಡುತ್ತಿದ್ದೆವು. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತು, ಕಪ್ಪು ಹಲಗೆಯ ಮೇಲಿನ ಶನಿವಾರದ ಭಾಗಾಕಾರವನ್ನು ನೋಡುತ್ತ ಪ್ರಾರ್ಥನೆ! ಕೊನೆಗೆ ಜಾಗ ಸಿಕ್ಕಿತು. ಕಟ್ಟಡ ಸಮಿತಿಗೆ ನನ್ನನ್ನು ಕಾರ್ಯದರ್ಶಿ ಮಾಡಿದರು. ಮೊದಲೇ ನಾನು ಚಿಂತೆಯ ಗಿರಾಕಿ. ಸಿಮೆಂಟು ಸಿಗುವುದೋ ಇಲ್ಲವೋ ಎಂದು ಒಂದು ತಿಂಗಳು ಚಿಂತಿಸಿದೆ. ಸಿಕ್ಕ ಮೇಲೆ ನೆನೆಯುವುದೋ ಏನೋ ಎಂದು ಇನ್ನೊಂದು ತಿಂಗಳು. ನೆನೆಯದಿರಲೆಂದು ಮೂಟೆಗಳನ್ನು ನಮ್ಮ ಮನೆಯ ಹಿಂದಿನ ಕೋಣೆಯಲ್ಲೇ ಪೇರಿಸಿದೆ. ಆ ಕೋಣೆಯಲ್ಲಿ ಸೊಂಟ ಮುರಿದು ಹಾಸಿಗೆ ಹಿಡಿದ ನನ್ನ ತಾಯಿ ಇದ್ದರು. ಅವರ ಮಂಚವನ್ನು ಆಚೆ ಬದಿಗೆ ಸರಿಸಿದೆ. ಆಚೆ ಬದಿಯಲ್ಲಿ ಒಂದು ಹೆಂಚು ಒಡೆದಿತ್ತು.

ತಮ್ಮ ಅಕ್ಕನನ್ನು, ಅಂದರೆ ನಮ್ಮ ಅಮ್ಮನನ್ನು, ನೋಡಲು ಬಂದಾಗಲೆಲ್ಲ ಮಾವನದು ಒಂದೇ ರಾಗ: "ಆ ಹೆಂಚು ಏನಾಯ್ತಯ್ಯಾ?"

"ದೇವಾಲಯದ ಕೆಲಸ ಒಂದು ದಡ ಸೇರ್ಲಿ, ಮಾವ."

ಕೆಲಸವಿಲ್ಲದವರಿಗೆ ಹೆಂಚಾದರೇನು, ವಾಕ್ಯವಾದರೇನು, ಕೆರೆಯಲು ಒಂದು ಬೇಕಲ್ಲ!

ಅಸ್ತಿವಾರದ ಕಲ್ಲಿಗೆ ವಾಕ್ಯ ಆರಿಸುವ ಹೊಣೆಯೂ ನನ್ನದೇ. ಒಂದು ವಾರ ಹುಡುಕಿ ಹಿಡಿದೆ. ದಾವೀದ ರಾಜ ದೇವದಾರಿನ ಅರಮನೆಯಲ್ಲಿ ಕೂತು, ನಾನು ಇಲ್ಲಿ, ದೇವರು ಮಾತ್ರ ಗುಡಾರದಲ್ಲೇ ಎಂದು ಪೇಚಾಡುತ್ತಾನೆ. ಪ್ರವಾದಿ ನಾತಾನ, ನಿನ್ನ ಮನಸ್ಸಿನಲ್ಲಿರುವುದನ್ನು ಮಾಡು, ದೇವರು ನಿನ್ನೊಂದಿಗಿದ್ದಾನೆ ಎನ್ನುತ್ತಾನೆ. ಇದಕ್ಕಿಂತ ಬೇಕೆ? ನಾತಾನನ ಆ ಮಾತನ್ನು ಕೆತ್ತಿಸಿಯೂ ಬಿಟ್ಟೆ.

ಮಾವ ಬಂದು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಪ್ರೂಫ್ ನೋಡುವಂತೆ ಅಕ್ಷರ ಅಕ್ಷರ ಬೆರಳಾಡಿಸಿದರು.

"ಮುಂದಿನದು ಓದಿದ್ಯಾ?"

"ಪುಟ ಅಲ್ಲಿಗೇ ಮುಗೀತು, ಮಾವ."

"ಮಗುಚೋಕೆ ಕೈ ಇರ್ಲಿಲ್ವಾ? ಅದೇ ರಾತ್ರಿ ದೇವರು ನಾತಾನನಿಗೆ, ಹೋಗಿ ಬೇಡ ಅನ್ನು ಅಂದ! ಐಗುಪ್ತ ದೇಶ ಬಿಟ್ಟಾಗಿಂದ ಜನರ ಜೊತೆ ಗುಡಾರದಲ್ಲೇ ತಿರುಗಿದೀನಿ, ನಂಗೊಂದು ಮನೆ ಕಟ್ಟಿ ಅಂತ ಯಾರನ್ನಾದ್ರೂ ಕೇಳಿದ್ನಾ ಅಂದ! ನೀನು ಕೆತ್ತಿಸಿರೋದು ಪ್ರವಾದಿ ಆತುರದಲ್ಲಿ ಆಡಿದ ಮಾತು ಕಣಯ್ಯಾ. ದೇವರೇ ಹೊಡೆದುಹಾಕಿದ ಪ್ರೂಫು!"

"ಹಂಗಾದ್ರೆ ದೇವಾಲಯವೇ ಬೇಡ್ವಾ?"

"ಯಾರಂದ್ರು? ದಾವೀದನ ಮಗ ಆಮೇಲೆ ಕಟ್ಲಿಲ್ವಾ? ಕಟ್ಟಿ. ಆದ್ರೆ ಅಲ್ಲೀವರೆಗೂ ದೇವರು ಬೀದೀಲಿ ನಿಂತಿದಾನೆ ಅಂದ್ಕೋಬೇಡ."

ಸಮಿತಿ ಸೇರಿತು. ಮಾವ ಹೇಳಿದ್ದನ್ನೆಲ್ಲ ಮುಂದಿಟ್ಟೆ. ಅಧ್ಯಕ್ಷರು ನಿವೃತ್ತ ಓವರ್‌ಸಿಯರ್, ಎರಡೇ ಮಾತಿನಲ್ಲಿ ಮುಗಿಸಿದರು: "ಕಲ್ಲು ಗಟ್ಟಿಯಾಗಿದೆ. ಮುಂದಿನ ವಾಕ್ಯ ಯಾರು ಓದ್ತಾರೆ ಬಿಡ್ರೀ!"

ಯಾರು ಓದುತ್ತಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಕಲ್ಲು ಇಡುವ ದಿನ ಮಧ್ಯಾಹ್ನ ಚಪ್ಪರ, ತಳಿರು, ಊರೊಳಗಿನಿಂದ ಬಂದ ಹಿರಿಯ ಪಾದ್ರಿ ಅಯ್ಯನವರು, ಎಲ್ಲ ಸರಿಯಿತ್ತು. "ಎಲ್ರೂ ಹೋಗ್ಬನ್ನಿ, ನಾನೇನು ಓಡಿಹೋಗ್ತೀನಾ?" ಎಂದು ಅಮ್ಮ ನಮ್ಮನ್ನೆಲ್ಲ ಕಳಿಸಿದ್ದರು. ಮಾವ ಮೊದಲ ಸಾಲಿನಲ್ಲೇ, ಕೊಡೆಯನ್ನು ಕಾಲ ನಡುವೆ ನಿಲ್ಲಿಸಿಕೊಂಡು! ಕಲ್ಲಿನ ಮೇಲಿದ್ದದ್ದು ಆ ಅಧ್ಯಾಯದ ಮೂರನೆಯ ವಾಕ್ಯ; ಅಲ್ಲಿಗೇ ನಿಲ್ಲಿಸಬೇಕೆಂದು ನಾನು ಚೀಟಿ ಬರೆದು, ಓದಬೇಕಾಗಿದ್ದ ಇನ್ನೊಬ್ಬರಿಗೆ ಕೊಟ್ಟಿದ್ದೆ. ಆದರೆ ಅಯ್ಯನವರು ಮಾವನ ಮಡಿಲಲ್ಲಿದ್ದ ದಪ್ಪಕ್ಷರದ ಸತ್ಯವೇದ ಕಂಡು, "ತಾವೇ ಓದಿ" ಎಂದುಬಿಟ್ಟರು. ಮುಗಿಯಿತು ನನ್ನ ಕಥೆ!

ಮಾವ ಎದ್ದರು. ಒಂದು, ಎರಡು, ಮೂರು. ಉಸಿರೆಳೆದುಕೊಂಡರು. ನಾನು ಕಣ್ಣು ಮುಚ್ಚಿದೆ.

ಏನೂ ಕೇಳಿಸಲಿಲ್ಲ. ಕಣ್ಣು ಬಿಟ್ಟರೆ, ಅವರ ಪುಟದ ಮೇಲೆ ಒಂದು ದಪ್ಪ ಹನಿ ಬಿದ್ದಿತ್ತು. ಚಪ್ಪರದ ಸಂದಿಯಿಂದ ಆಕಾಶ ನೋಡಿದರು. ಪುಸ್ತಕ ಮುಚ್ಚಿದರು. ಕೊಡೆ ಎತ್ತಿಕೊಂಡು, ಅಯ್ಯನವರಿಗೂ ಹೇಳದೆ, ದಡದಡ ನಡೆದು ಹೊರಟೇಹೋದರು!

ಗೆದ್ದೆ ಎಂದುಕೊಂಡೆ. ಮೂರನೆಯ ವಾಕ್ಯಕ್ಕೆ ಮಾವ ನಿಂತರು! ಕಲ್ಲು ಇಳಿಯಿತು, ಮಳೆ ಸುರಿಯಿತು, ಚಪ್ಪರ ಕುಸಿಯಿತು. ಆಗ ನನಗೆ ಬಂದ ಮೊದಲ ಯೋಚನೆ ಯಾವುದು ಗೊತ್ತೇ? ಸಿಮೆಂಟು! ಒದ್ದೆಯಾಗಿ ಮನೆಗೆ ಓಡಿದೆ.

ಸಿಮೆಂಟು ಬೆಚ್ಚಗಿತ್ತು. ಆಚೆ ಬದಿಯಲ್ಲಿ, ಒಡೆದ ಹೆಂಚಿನ ಕೆಳಗೆ, ಮಾವ ಮಂಚದ ಪಕ್ಕ ನಿಂತಿದ್ದರು. ಒಂದು ಕೈಯಲ್ಲಿ ತಮ್ಮ ಅಕ್ಕನ ಮುಖದ ಮೇಲೆ ಬಿಚ್ಚಿ ಹಿಡಿದ ಕೊಡೆ, ಇನ್ನೊಂದರಲ್ಲಿ ಪುಸ್ತಕ. ಅವರ ಬೆನ್ನಿನ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು. ನಾಲ್ಕನೆಯ ವಾಕ್ಯ ದಾಟಿ, ಗುಡಾರದಲ್ಲಿ ತಿರುಗಿದ ದೇವರವರೆಗೆ ಬಂದಿದ್ದರು.

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

"ಬಂದ್ಯಾ? ಸ್ವಲ್ಪ ಕೊಡೆ ಹಿಡ್ಕೋ, ಕೈ ಸೋತಿದೆ. ಇನ್ನೂ ಮುಂದೆ ಇದೆ."

ಹಿಡಿದುಕೊಂಡೆ. ಮುರಿದ ಕಡ್ಡಿಯ ನೀರು ನನ್ನ ಕತ್ತಿನೊಳಗೆ ಇಳಿಯತೊಡಗಿತು. ಅಮ್ಮ ಕಣ್ಣು ತೆರೆಯದೆ, "ಓದೋ, ನಿಲ್ಲಿಸ್ಬೇಡ" ಎಂದರು.